ಅರ್ಧ ಸೆಕೆಂಡು ತಡವಾದ ನಗು

ನಗುವುದನ್ನು ಯಾರೂ ಕಲಿಸಬೇಕಾಗಿಲ್ಲ ಎನ್ನುವವರು ಪರದೇಶದ ಆಫೀಸಿನಲ್ಲಿ ಒಂದು ದಿನವೂ ಊಟಕ್ಕೆ ಕೂತವರಲ್ಲ. ನಾನಂತೂ ನಗುವುದನ್ನು ಕಲಿತದ್ದು ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಟೀವಿ ನೋಡಿ, ನೋಟುಪುಸ್ತಕ ಇಟ್ಟುಕೊಂಡು. ಹಾಗಂತ ಮೈಸೂರಿನಲ್ಲಿ ನಾನೇನು ಮುಖ ಗಂಟು ಹಾಕಿಕೊಂಡು ಓಡಾಡಿದವಳಲ್ಲ. ಮದುವೆಮನೆಯ ಪಂಕ್ತಿಯಲ್ಲಿ ನಕ್ಕು ನಕ್ಕು, ಪಾಯಸ ನೆತ್ತಿಗೇರಿಸಿಕೊಂಡು, ಹೊಸ ಅತ್ತೆಯ ಮುಂದೆ ಮಾನ ಕಳೆದುಕೊಂಡ ಖ್ಯಾತಿ ನನ್ನದು. ಎಂಬತ್ತರ ದಶಕದ ನಡುವಿನಲ್ಲಿ ಕ್ಯಾಲಿಫೋರ್ನಿಯಾದ ಪ್ಲೆಸೆಂಟನ್ನಿನ ಒಂದು ಆಫೀಸಿನಲ್ಲಿ ಟೈಪಿಸ್ಟಾಗಿ ಸೇರಿದ ಮೇಲೆಯೇ ಗೊತ್ತಾದದ್ದು, ಆ ನಗು ನನ್ನ ಜೊತೆ ವಿಮಾನ ಹತ್ತಿಲ್ಲವೆಂದು.

ಮಧ್ಯಾಹ್ನ ಊಟದ ಮೇಜಿನ ಸುತ್ತ ಎಂಟು ಜನ ಕೂರುತ್ತಿದ್ದೆವು. ಯಾರೋ ಏನೋ ಹೇಳುತ್ತಿದ್ದರು, ಉಳಿದವರು ಘೊಳ್ಳೆಂದು ನಗುತ್ತಿದ್ದರು. ಇಂಗ್ಲಿಷು ಬರುತ್ತಿರಲಿಲ್ಲವೇ ಎಂದರೆ, ಒಂದೊಂದು ಪದವೂ ಅರ್ಥವಾಗುತ್ತಿತ್ತು. ನಗು ಎಲ್ಲಿದೆ ಎಂಬುದು ಮಾತ್ರ ಸಿಗುತ್ತಿರಲಿಲ್ಲ. ಎಲ್ಲರ ಮುಖ ನೋಡಿ ನಾನು ಹಲ್ಲು ಬಿಡುವ ಹೊತ್ತಿಗೆ ಅವರು ನಿಲ್ಲಿಸಿರುತ್ತಿದ್ದರು. ಆ ಮೌನದಲ್ಲಿ ನನ್ನದೊಂದೇ "ಹಿ ಹಿ". ಎರಡು ವಾರ ಹೀಗಾದ ಮೇಲೆ ಡಬ್ಬಿ ಎತ್ತಿಕೊಂಡು ಪಾರ್ಕಿಂಗ್ ಲಾಟಿಗೆ ಹೋಗಿ ಕಾರಿನೊಳಗೆ ಕೂತು ತಿನ್ನತೊಡಗಿದೆ. ಸ್ಟಿಯರಿಂಗ್ ಎದುರು ಒಬ್ಬಳೇ ಕೂತು ತಿಂದ ಚಿತ್ರಾನ್ನ ಗಂಟಲಲ್ಲಿ ಇಳಿಯುವುದಿಲ್ಲ ಕಣ್ರೀ. ಯಾರಾದರೂ ಒಬ್ಬರು ನನ್ನವರು ಅಂತ ಸಿಗಲಿ ಎಂದು ಜೀವ ಹಾತೊರೆಯುತ್ತಿತ್ತು.

ಆ ಮೇಜಿನವರು ಪದೇಪದೇ ಮಾತಾಡಿಕೊಳ್ಳುತ್ತಿದ್ದ ಒಂದು ಟೀವಿ ಹಾಸ್ಯವಿತ್ತು. ಕೊರಿಯಾ ಯುದ್ಧದ ಕಾಲ. ರಣರಂಗದ ಪಕ್ಕದಲ್ಲೇ ಡೇರೆ ಹಾಕಿಕೊಂಡ ಆಸ್ಪತ್ರೆ. ಗಾಯಾಳುಗಳ ನಡುವೆ ತಲೆ ಕೆಡಬಾರದೆಂದು ಒಬ್ಬರನ್ನೊಬ್ಬರು ಗೋಳುಹೊಯ್ದುಕೊಳ್ಳುವ ಡಾಕ್ಟರುಗಳು, ನರ್ಸುಗಳು. ಹೊಸ ಕಂತುಗಳು ಮುಗಿದಿದ್ದರೂ ಹಳೆಯವನ್ನೇ ದಿನಾ ಸಂಜೆ ತೋರಿಸುತ್ತಿದ್ದರು. ಪಕ್ಕದೂರು ಡ್ಯಾನ್‌ವಿಲ್ಲಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕುಕ್ಕರು ಇಟ್ಟು ನಾನು ಅದರ ಮುಂದೆ ಕೂತೆ. ಎಂಥ ಪುಣ್ಯಾತ್ಮರು! ಎಲ್ಲೆಲ್ಲಿ ನಗಬೇಕೋ ಅಲ್ಲೆಲ್ಲ ಕಣ್ಣಿಗೆ ಕಾಣದ ಜನರ ನಗುವನ್ನು ತಾವೇ ಹಾಕಿಟ್ಟಿದ್ದರು. ಆಪರೇಷನ್ ನಡೆಯುವಾಗ ಮಾತ್ರ ಅದು ಬಂದ್. ನಾನು ಬರೆದುಕೊಂಡೆ: ಕರ್ನಲ್ ರೇಗಿದರೆ ನಗು, ಅಡುಗೆಯನ್ನು ಬೈದರೆ ನಗು, ಮುಖ ಗಂಭೀರವಾಗಿಟ್ಟುಕೊಂಡು ತಮ್ಮ ಕಷ್ಟವನ್ನೇ ಹೇಳಿಕೊಂಡರೆ ದೊಡ್ಡ ನಗು. ನಮ್ಮವರು ಇಣುಕಿ, "ಏನೇ ಇದು, ಎಸ್ಸೆಸ್ಸೆಲ್ಸಿಗೆ ಮತ್ತೆ ಕಟ್ಟಿದ್ದೀಯಾ?" ಎಂದರು. "ಸುಮ್ನಿರ್ರೀ. ನಿಮಗೇನು, ನಿಮ್ಮ ಆಫೀಸಲ್ಲಿ ನಾಲ್ಕು ಜನ ಕನ್ನಡದೋರಿದ್ದಾರೆ," ಎಂದು ಬಾಯಿ ಮುಚ್ಚಿಸಿದೆ.

ಮೂರು ತಿಂಗಳ ತಯಾರಿಯಾದ ಮೇಲೆ ಧೈರ್ಯ ಮಾಡಿ ಮತ್ತೆ ಮೇಜಿಗೆ ಹೋದೆ. ಪಕ್ಕದಲ್ಲಿ ಬೆಟ್ಟಿ ಕೂತಿದ್ದರು. ಫೈಲುಗಳನ್ನು ನೋಡಿಕೊಳ್ಳುತ್ತಿದ್ದ ಹಿರಿಯರು, ನಮ್ಮಮ್ಮನ ವಯಸ್ಸು. ಹೆಸರು ಹಿಡಿದು ಕರೆಯಲು ನಾಲಿಗೆ ಏಳದೆ ನಾನು "ಮೇಡಂ" ಎನ್ನುತ್ತಿದ್ದೆ. ಮಾತು ಆ ಹಾಸ್ಯದ ಕಡೆಗೇ ಹೊರಳಿತು. ಬೆಟ್ಟಿ ಸ್ಯಾಂಡ್‌ವಿಚ್ ಕೆಳಗಿಟ್ಟು, "ನನ್ನ ತಮ್ಮ ಗ್ಲೆನ್ ಆ ಯುದ್ಧದಲ್ಲಿದ್ದ. ಅಲ್ಲಿನ ಚಳಿಗೆ ಮೂರು ಕಾಲ್ಬೆರಳು ಹೋದವು. ಉಗುರು ಕತ್ತರಿಸೋ ಕೆಲಸ ಕಮ್ಮಿ ಆಯ್ತು ಅಂತಾನೆ," ಎಂದರು.

ಗಂಭೀರ ಮುಖ, ಮನೆಯವರ ಕಷ್ಟ. ನನ್ನ ಪುಸ್ತಕದ ಪ್ರಕಾರ ದೊಡ್ಡ ನಗು. ನಕ್ಕೆ ನೋಡಿ, ಎಲ್ಲರಿಗಿಂತ ಮೊದಲು, ಎದೆ ತುಂಬಾ! ಬೇರೆ ಒಬ್ಬರೂ ನಗಲಿಲ್ಲ. ಎಲ್ಲರ ಫೋರ್ಕುಗಳೂ ನಿಂತವು. ಎದುರಿಗಿದ್ದಾಕೆ "ಅಯ್ಯೋ ಪಾಪ" ಎಂದು ಬೆಟ್ಟಿಯ ಕೈ ಹಿಡಿದುಕೊಂಡು ನನ್ನತ್ತ ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಭೂಕಂಪದ ಕ್ಯಾಲಿಫೋರ್ನಿಯಾದಲ್ಲಿ ಅದು ಆಗಾಗ ಬಿಡುವುದುಂಟು, ನಮಗೆ ಬೇಕಾದಾಗ ಮಾತ್ರ ಇಲ್ಲ.

ಮನೆಗೆ ಬಂದು ಅತ್ತುಬಿಟ್ಟೆ. "ಸಾರಿ ಕೇಳಿದ್ರಾಯ್ತು ಬಿಡೇ. ನೀನು ನಕ್ಕಿದ್ದಕ್ಕೆ ಇನ್ನೊಂದು ಬೆರಳೇನಾದ್ರೂ ಹೋಯ್ತಾ?" ಎಂದರು ನಮ್ಮವರು. ಅವರ ಮೇಲಿನ ಸಿಟ್ಟನ್ನೆಲ್ಲ ಹಿಟ್ಟಿನ ಮೇಲೆ ತೀರಿಸಿಕೊಂಡು ಕೋಡುಬಳೆ ಕರಿದೆ. ಮರುದಿನ ಡಬ್ಬಿಯನ್ನು ಬೆಟ್ಟಿಯ ಮುಂದಿಟ್ಟು "ತಪ್ಪಾಯ್ತು ಮೇಡಂ" ಎನ್ನುವಷ್ಟರಲ್ಲಿ ಕಣ್ಣು ತುಂಬಿ ಬಂತು. ಬೆಟ್ಟಿ ನನ್ನ ಕೈ ಹಿಡಿದು ಕೂರಿಸಿದರು. "ಗ್ಲೆನ್‌ಗೆ ಹೇಳಿದೆ. ಮೂವತ್ತು ವರ್ಷದಿಂದ ಆ ಜೋಕು ಹೇಳ್ತಿದ್ದಾನೆ. ಎಲ್ಲರೂ ಪಾಪ, ಪಾಪ ಅಂತಾರೆ. ಅದಕ್ಕೇ ಅವನು ಯಾರ ಮನೆಗೂ ಹೋಗಲ್ಲ. ನಕ್ಕೋಳು ನೀನೊಬ್ಬಳೇ. ನಿನ್ನನ್ನ ನೋಡಬೇಕಂತೆ, ಗುರುವಾರ ಸಂಜೆ ಮನೆಗೆ ಬಾ."

ಆ ಗುರುವಾರ ಹೋದವಳು ಆಮೇಲೆ ಪ್ರತಿ ಗುರುವಾರವೂ ಹೋದೆ. ಆಫೀಸಿನಿಂದ ಹತ್ತು ನಿಮಿಷದ ದಾರಿ. ಅಕ್ಕ ತಮ್ಮ ಇಬ್ಬರೇ ಇದ್ದ ಮನೆ. ಸೋಫಾದ ಆ ತುದಿಗೆ ಗ್ಲೆನ್, ಈ ತುದಿಗೆ ನಾನು, ನಡುವೆ ಕೋಡುಬಳೆ, ಎದುರಿಗೆ ಆ ಹಾಸ್ಯ. ಗ್ಲೆನ್ ಮಾತು ಕಡಿಮೆ. ನಾನು ಏನು ಹೇಳಿದರೂ ಬಗ್ಗಿ "ಏನಂದೆ?" ಎನ್ನುತ್ತಿದ್ದರು. ಎಲ್ಲ ನನ್ನ ಮೈಸೂರು ಇಂಗ್ಲಿಷಿನ ಪ್ರಭಾವವೆಂದು ನಾಚಿ, ಮತ್ತೊಮ್ಮೆ ಬಿಡಿಸಿ ಬಿಡಿಸಿ ಹೇಳುತ್ತಿದ್ದೆ. ನಗುವ ವಿಷಯದಲ್ಲಿ ಮಾತ್ರ ನನ್ನ ಚಿಂತೆ ಕಳೆಯಿತು. ಯುದ್ಧವನ್ನೇ ಕಂಡುಬಂದವರು ಪಕ್ಕದಲ್ಲಿರುವಾಗ ಕಾಣದ ಜನರ ನಗು ಯಾರಿಗೆ ಬೇಕು? ಗ್ಲೆನ್ ತುಟಿ ಅಲುಗಿದರೆ ಸಾಕು, ನಾನೂ ನಗುತ್ತಿದ್ದೆ. ಒಮ್ಮೊಮ್ಮೆ ಟೀವಿಯವರೆಲ್ಲ ಸುಮ್ಮನಿದ್ದಾಗಲೂ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕದ್ದುಂಟು. ಅಲ್ಲಿಗೆ ಹೋಗಿಬಂದವರಿಗೆ ಮಾತ್ರ ತಿಳಿಯುವ ಹಾಸ್ಯವಿರಬೇಕೆಂದು ನಾನು ಗೌರವದಿಂದಲೇ ನಗುತ್ತಿದ್ದೆ. ಆಫೀಸಿನಲ್ಲಿ ಬೆಟ್ಟಿ ದಿನಾ ನನಗೊಂದು ಕುರ್ಚಿ ಹಿಡಿದಿಡುತ್ತಿದ್ದರು. ಆ ಅಕ್ಕ ತಮ್ಮನಿಗೆ ನಾನು ಎಷ್ಟು ಋಣಿಯೆಂದು ಹೇಳಿ ಮುಗಿಸಲಾರೆ.

ಒಂದು ಗುರುವಾರ ಗ್ಲೆನ್‌ರನ್ನು ಕೇಳಿದೆ: "ಅಲ್ಲಿ ನಿಜವಾಗ್ಲೂ ಹೀಗೇ ತಮಾಷೆ ಮಾಡ್ತಿದ್ರಾ?" ಅವರು ಎಂದಿನಂತೆ ಬಗ್ಗಿ "ಏನಂದೆ?" ಎಂದರು. ಅಡುಗೆಮನೆಯಿಂದ ಬೆಟ್ಟಿ, "ಗಟ್ಟಿಯಾಗಿ ಕೇಳು. ನಾನು ನಿನಗೆ ಹೇಳೇ ಇಲ್ವಾ? ಫಿರಂಗಿ ಸದ್ದಿಗೆ ಅವನ ಕಿವಿಗಳೂ ಅಲ್ಲೇ ಹೋದವು. ಟೀವಿಯ ಒಂದು ಮಾತೂ ಅವನಿಗೆ ಕೇಳಿಸೋದಿಲ್ಲ," ಎಂದರು.

"ಮತ್ತೆ ಅಷ್ಟೊಂದು ನಗ್ತೀರಲ್ಲ!" ಎಂದು ಕಿರುಚಿದೆ.

ಗ್ಲೆನ್ ಸಂಕೋಚದಿಂದ ಕೋಡುಬಳೆಯೊಂದನ್ನು ಮುರಿದರು. "ನಿನ್ನ ಮುಖ ನೋಡಿ ನಗ್ತೀನಿ. ನಿನಗೆ ಎಲ್ಲಾ ಅರ್ಥ ಆಗುತ್ತಲ್ಲ," ಎಂದರು.

ನಾನು ನಗುತ್ತಿದ್ದುದು ಅವರ ತುಟಿ ನೋಡಿ ಎಂಬ ನಿಜವನ್ನು ಕೋಡುಬಳೆಯ ಜೊತೆ ನುಂಗಿಕೊಂಡೆ. ಅವತ್ತಿನಿಂದ ಕಣ್ಣು ಮಿಟುಕಿಸದೆ ಟೀವಿಯನ್ನೇ ನೋಡತೊಡಗಿದೆ. ನನ್ನನ್ನು ನಂಬಿಕೊಂಡು ನಗುವವರೊಬ್ಬರು ಪಕ್ಕದಲ್ಲಿ ಕೂತಿದ್ದರಲ್ಲ!