ಕೀಬೋರ್ಡಿಗೆ ಸೀಗೆಕಾಯಿ ಸ್ನಾನ

ಆಯುಧಪೂಜೆಯ ಬೆಳಿಗ್ಗೆ ಹುಣಸೂರಿನವರೆಲ್ಲ ಸ್ಕೂಟರು, ಟ್ರ್ಯಾಕ್ಟರು ತೊಳೆಯುತ್ತಿದ್ದರೆ ನಮ್ಮ ಷಡಕ್ಷರಿ ಭಾವ ಬಚ್ಚಲಮನೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಕಂಪ್ಯೂಟರ್ ಕೀಬೋರ್ಡಿಗೆ ಸ್ನಾನ ಮಾಡಿಸುತ್ತಿದ್ದರು. ಅದೂ ಸೀಗೆಕಾಯಿ ಹಾಕಿ!

"ಗಿರಿಜಾ, ಬಾರಮ್ಮ ನೋಡು! ನನ್ನ ಹೊಸ ಸಂಶೋಧನೆ!"

"ತೊಳೆಯೋ ಕೀಬೋರ್ಡು ಪೇಟೇಲೇ ಸಿಗುತ್ತಂತಲ್ಲ ಭಾವ?" ಎಂದೆ.

"ಸಿಗುತ್ತೆ, ಸಿಗುತ್ತೆ! ಅದನ್ನ ನಾವು ತೊಳೀಬೇಕು. ಇದು ನಮ್ಮನ್ನ ತೊಳೆಯುತ್ತೆ! ಒಳಗಡೆ ಸೆಲ್ಲಿಂದ ಸಣ್ಣ ಕರೆಂಟು ಹರಿಯುತ್ತೆ. ಟೈಪ್ ಮಾಡೋರ ಬೆರಳಿಗೆ ಅಂಟಿರೋ ಜಿಡ್ಡನ್ನೆಲ್ಲ ಬಿಡಿಸಿಬಿಡುತ್ತೆ."

ತಾಲ್ಲೂಕು ಕಚೇರಿ ಎದುರಿನ ಅಂಗಡಿ ನಮ್ಮದು. ನಾನು ಜೆರಾಕ್ಸ್ ನೋಡಿಕೊಳ್ಳುತ್ತೇನೆ. ಟೈಪಿಂಗ್ ನನ್ನ ಅಕ್ಕ ವಿಶಾಲಾಕ್ಷಿಯದು. ಅವಳು ಬಾಯಲ್ಲಿ ಸೊಪ್ಪಿನವಳ ಜೊತೆ ಚೌಕಾಸಿ ಮಾಡುತ್ತ, ಕಣ್ಣನ್ನು ರಸ್ತೆಯ ಕಡೆಗಿಟ್ಟು, ಕೈಯಲ್ಲಿ ಕ್ರಯಪತ್ರ ಮುಗಿಸುತ್ತಿದ್ದಳು. ಒಂದು ತಪ್ಪಿಲ್ಲ! ಕೆಲಸವಿಲ್ಲದವರೂ ನಿಂತು ನೋಡುತ್ತಿದ್ದರು. ಅವಳ ಮೆಕ್ಯಾನಿಕಲ್ ಕೀಬೋರ್ಡಿನ ಟಕಟಕ ಬಸ್ ಸ್ಟ್ಯಾಂಡಿನವರೆಗೂ ಕೇಳುತ್ತಿತ್ತು. ರೇಡಿಯೋ ರಿಪೇರಿ ನಿಂತುಹೋದ ಮೇಲೆ ಸಂಶೋಧಕರಾಗಿ, ಅಂಗಡಿಯ ಹಿಂದಿನ ಕೋಣೆಯಲ್ಲಿ ಮಧ್ಯಾಹ್ನ ನಿದ್ದೆ ಮಾಡುವ ಭಾವನಿಗೆ ಅದೇ ದೊಡ್ಡ ಕಂಟಕವಾಗಿತ್ತು.

ಇನ್ನೊಂದು ತೊಂದರೆ ನಮ್ಮೆಲ್ಲರದ್ದು. ಪ್ರತಿ ಆಯುಧಪೂಜೆಗೂ ಕೀಬೋರ್ಡಿಗೆ ವಿಭೂತಿ ಪಟ್ಟೆ ಎಳೆದು, ಕುಂಕುಮ ಇಟ್ಟು, ಅಕ್ಷತೆ ಎರಚುತ್ತೇವೆ. ಮರುದಿನ ಅದರ ಸಂದಿಯಿಂದ ಅಕ್ಕಿ ಕೆರೆದು ತೆಗೆಯುತ್ತ ಕೂರುತ್ತೇವೆ.

ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಕ್ಕ ಬಂದಳು. "ಇದ್ಯಾವ ಜಾತೀದು? ಮೆಂಬ್ರೇನಾ?"

"ಹೌದು! ಅಡೀಲಿ ಒಂದೇ ರಬ್ಬರ್ ಹಾಳೆ. ನೀರು ಇಳಿಯಲ್ಲ, ಸದ್ದು ಮಾಡಲ್ಲ."

"ನನ್ನದರಲ್ಲಿ ಗುಂಡಿಗೊಂದು ಸ್ಪ್ರಿಂಗಿದೆ ಕಣ್ರೀ. ಒತ್ತಿದ್ರೆ ಟಕ್ ಅನ್ನುತ್ತೆ. ಸಾಕು ಅಂತ ಬೆರಳಿಗೆ ಗೊತ್ತಾಗುತ್ತೆ. ಇದು ಚಪಾತಿ ಹಿಟ್ಟು ಒತ್ತಿದ ಹಾಗಿದೆ!"

"ಮರ್ಯಾದಸ್ಥರ ಅಂಗಡೀಲಿ ಗುಂಡಿ ಮಾತಾಡಬಾರದು ಕಣೆ!"

"ನಿಮ್ಮ ನಿದ್ದೆಗೆ ಅಂತ ಹೇಳಿ, ಒಪ್ಕೋತೀನಿ. ಅದಿರಲಿ, ನನ್ನ ಹಳೇದೆಲ್ಲಿ?"

ಭಾವ ಬಚ್ಚಲ ಗೋಡೆ ನೋಡಿದರು. "ಅದರ ಗುಂಡಿಗಳನ್ನೇ ಕಿತ್ತು ಇದಕ್ಕೆ ಹಾಕಿದೀನಿ. ನಿನ್ನ ಬೆರಳಿಗೆ ಪರಿಚಯ ಇರ್ಲಿ ಅಂತ."

"ಸ್ಪ್ರಿಂಗುಗಳು?"

"ಪೆನ್ನುಗಳಿಗೆ ಹಾಕಿದೆ."

ಅಕ್ಕ ಭಾವನ ಜೇಬಿನ ಪೆನ್ನು ತೆಗೆದು, ಒಮ್ಮೆ ಟಕ್ ಅನ್ನಿಸಿ, ವಾಪಸ್ ಇಟ್ಟಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಭಾವ ಸೀಗೆಕಾಯಿ ನೊರೆಯ ಸಮೇತವೇ ಕೀಬೋರ್ಡನ್ನು ಅವಳ ಮುಂದೆ ಹಿಡಿದರು. "ಒಂದ್ಸಲ ಟೈಪ್ ಮಾಡು, ಆಮೇಲೆ ಮಾತಾಡು."

ಅಕ್ಕ ಹತ್ತೂ ಬೆರಳನ್ನು ನೊರೆಯೊಳಗೆ ಓಡಿಸಿದಳು. "ರೀ, ಕೈಯೆಲ್ಲ ಜುಮ್ ಅಂತಿದೆ!"

"ಅದೇ! ಜಿಡ್ಡು ಬಿಡ್ತಾ ಇದೆ!" ಎಂದು ಭಾವ ಹಿಗ್ಗಿದರು. ಆಮೇಲೆ ಬರಿಗೈಯಲ್ಲಿ ನೊರೆ ಜಾಲಿಸುವಾಗ "ಅರೆ, ನನಗೂ ಜುಮ್ ಅಂತು!" ಎಂದರು. ನಾವೆಲ್ಲ ನಕ್ಕು ಪೂಜೆಗೆ ಎದ್ದೆವು.

ಹಬ್ಬ ಮುಗಿಸಿ ಅಂಗಡಿ ತೆರೆದಾಗ ಮೊದಲು ಬಂದವರು ಜಮೀನು ಮಾರುವ ಕರಾರುಪತ್ರ ಮಾಡಿಸಲು ನಿಂಗರಾಜೇಗೌಡರು. ಅಕ್ಕ ಕೀಬೋರ್ಡಿನ ಮೇಲೆ ಕೈಯಿಟ್ಟಳು. ಕೈ ಅಲ್ಲಾಡಲಿಲ್ಲ.

"ಗಿರಿಜಾ, 'ಕ' ಎಲ್ಲಿದೆಯೇ?"

ತಮಾಷೆ ಎಂದುಕೊಂಡು ನಾನು ನಕ್ಕೆ. ಅವಳು ನಗುತ್ತಿರಲಿಲ್ಲ. ಒಂದೇ ಬೆರಳು ಮುಂದೆ ಮಾಡಿ, ಬಗ್ಗಿ, ಪ್ರತಿ ಗುಂಡಿಯನ್ನೂ ಓದುತ್ತಿದ್ದಳು.

"ಇದೇನ್ ಸ್ವಾಮಿ! ನನ್ ತಲೆ ಏನ್ ತಬಲಾನಾ?" ಎಂದು ಗೌಡರು ಕೂಗಿದರು. ಅವರ ಬೋಳುತಲೆಯ ಮೇಲೆ ಭಾವನ ಹತ್ತೂ ಬೆರಳು ಕುಣಿಯುತ್ತಿದ್ದವು!

"ನಾನಲ್ಲ ಗೌಡ್ರೇ, ಕೈ! ಕೈ ತಾನೇ ಹೋಗ್ತಿದೆ!"

ನಾನು ಭಾವನನ್ನು ಎಳೆದು ಅಕ್ಕನ ಕುರ್ಚಿಯಲ್ಲಿ ಕೂರಿಸಿದೆ. ಕಾಫಿ ಆರುವುದರೊಳಗೆ ಕರಾರುಪತ್ರ ಸಿದ್ಧ! ಆದರೆ ಕೈ ನಿಲ್ಲಲೊಲ್ಲದು. ಬೆರಳುಗಳು ಟಕ್ ಎನ್ನುವ ಉತ್ತರಕ್ಕೆ ಕಾಯುತ್ತಿದ್ದವು, ಮೆಂಬ್ರೇನು ತುಟಿ ಬಿಚ್ಚುತ್ತಿರಲಿಲ್ಲ. ಮತ್ತೆ ಒತ್ತಿದವು, ಇನ್ನಷ್ಟು ಒತ್ತಿದವು. ಗೌಡರ ಹೊಲಕ್ಕೆ ನಾಲ್ಕು ದಿಕ್ಕಿನ ಎಲ್ಲೆಗೂ ಹಳ್ಳವೇ ಚೆಕ್ಕುಬಂದಿಯಾಯಿತು, ಎಕರೆಯ ಅಂಕಿಗೆ ಸೊನ್ನೆಯ ಮೇಲೆ ಸೊನ್ನೆ ಸೇರಿತು. ನಾವು ಭಾವನ ರಟ್ಟೆ ಹಿಡಿದು ಕಿತ್ತು ತೆಗೆಯುವಷ್ಟರಲ್ಲಿ ಗೌಡರು ತಮಗೇ ಗೊತ್ತಿಲ್ಲದೆ ಅರ್ಧ ತಾಲ್ಲೂಕು ಮಾರಿದ್ದರು.

ಮನೆಯಲ್ಲಿ ಭಾವನ ಕೈಗೆ ಊಟದ ತಟ್ಟೆ ಸಿಕ್ಕಿತು. ಸ್ಟೀಲು ಟಕ್ ಎಂದಿತು, ಬೆರಳುಗಳಿಗೆ ಸಮಾಧಾನವಾಯಿತು. ಟಕ್ ಕೇಳದೆ ಸಮಾಧಾನವಾಗದ್ದು ಅಕ್ಕನ ಬೆರಳಿಗಷ್ಟೇ ಅಲ್ಲವೇ? ಆಗಲೇ ನಮಗೆ ವಿಷಯ ಹೊಳೆದದ್ದು. ಬರೀ ನೀರಾಗಿದ್ದರೆ ಜಿಡ್ಡಷ್ಟೇ ಹೋಗುತ್ತಿತ್ತು. ಹಬ್ಬದ ದಿನ ಬರೀ ನೀರು ಹೊಯ್ಯುವ ರೂಢಿ ನಮ್ಮ ಮನೆಯಲ್ಲಿ ಇಲ್ಲವಲ್ಲ! ಸೀಗೆಕಾಯಿ ಅಕ್ಕನ ಬೆರಳಿಗೆ ವರ್ಷಗಟ್ಟಲೆಯಿಂದ ಅಂಟಿಕೊಂಡಿದ್ದ ವಿದ್ಯೆಯನ್ನೂ ಬಿಡಿಸಿ ರಬ್ಬರಿಗೆ ಕೊಟ್ಟಿತ್ತು. ಅದನ್ನು ಜಾಲಿಸಿದ ಭಾವನ ಕೈಗೆ ವಿದ್ಯೆ ಹತ್ತಿಕೊಂಡಿತ್ತು.

ಭಾವ ತಾವೇ ಹೋಗಿ ಹೊಸ ಮೆಕ್ಯಾನಿಕಲ್ ಕೀಬೋರ್ಡು ತಂದರು. ಬಸ್ ಸ್ಟ್ಯಾಂಡಿಗೆ ಮತ್ತೆ ಟಕಟಕ ಕೇಳತೊಡಗಿತು. ಮೆಂಬ್ರೇನು, ಮೆಕ್ಯಾನಿಕಲ್ ವಾದದಲ್ಲಿ ಅಕ್ಕ ಗೆದ್ದಿದ್ದಳು. ಗೆದ್ದವಳ ಮುಖ ನೋಡಲು ಆಗುತ್ತಿರಲಿಲ್ಲ.

"ಏನ್ ಸ್ಪೀಡು ಸಾರ್ ನಿಮ್ದು! ಅಮ್ಮಾವ್ರಿಗಿಂತ ಒಂದ್ ಕೈ ಮೇಲೆ!" ಎಂದು ಬಂದವರು ಹೊಗಳುತ್ತಿದ್ದರು.

"ಇದು ನಂದಲ್ಲ ಕಣ್ರಪ್ಪ, ಇವಳದ್ದು!" ಎಂದು ಭಾವ ಪ್ರತಿ ಸಲವೂ ಹೇಳುತ್ತಿದ್ದರು. ಎಂಥ ದೊಡ್ಡ ಗುಣ ಎಂದು ಜನ ಇನ್ನಷ್ಟು ಹೊಗಳುತ್ತಿದ್ದರು. ಅಕ್ಕ ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಿದ್ದಳು.

ಒಂದು ದಿನ ನನ್ನ ಹತ್ತಿರ ಹೇಳಿದಳು. "ಲಂಗ ದಾವಣಿ ಹಾಕ್ಕೊಂಡು ಟೈಪಿಂಗ್ ಕ್ಲಾಸಿಗೆ ಹೋಗಿ ಕಲ್ತಿದ್ದು ಕಣೆ. ಅಪ್ಪ ಬೇಡ ಅಂದ್ರೂ ಹಠ ಮಾಡಿ ಹೋಗಿದ್ದೆ. ನಂದು ಅಂತ ಇದ್ದಿದ್ದು ಅದೊಂದೇ. ಬಚ್ಚಲಲ್ಲಿ ಹೋಯ್ತಲ್ಲ ಗಿರಿಜಾ."

ಭಾವ ಅದನ್ನು ಕೇಳಿಸಿಕೊಂಡುಬಿಟ್ಟರು. ಅವರ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ಎತ್ತಿದರೆ ಬೆರಳುಗಳು ಕೆನ್ನೆಯ ಮೇಲೆ ಅರ್ಜಿ ಟೈಪ್ ಮಾಡತೊಡಗಿದವು. ನನಗೆ ನಗು ಬಂತು. ನಕ್ಕದ್ದಕ್ಕೆ ಈಗಲೂ ಬೇಸರವಿದೆ.

"ಹೋದ ದಾರೀಲೇ ವಾಪಸ್ ತರ್ತೀನಿ ವಿಶಾಲೂ! ನಾನು ನೊರೇಲಿ ಟೈಪ್ ಮಾಡ್ತೀನಿ, ನೀನು ಜಾಲಿಸು."

"ಬೇಡ ಬಿಡಿ. ಆಗಿದ್ದು ಆಯ್ತು" ಎಂದಳು ಅಕ್ಕ. ಬಾಯಲ್ಲಿ ಹಾಗೆಂದರೂ ಬಳೆ ಹಿಂದಕ್ಕೆ ಸರಿಸಿಕೊಂಡು ಬಚ್ಚಲಿಗೆ ಎಲ್ಲರಿಗಿಂತ ಮೊದಲು ಬಂದು ನಿಂತಿದ್ದಳು. ಸೀಗೆಕಾಯಿ ಕದಡಿದವಳು ನಾನು. ಭಾವ ಟೈಪ್ ಮಾಡಿದರು, ಅಕ್ಕ ಜಾಲಿಸಿದಳು. ಇಬ್ಬರಿಗೂ ಜುಮ್ ಎಂದಿತು!

ಅಂಗಡಿಗೆ ಓಡಿದೆವು. ಅಕ್ಕ ಕುರ್ಚಿಯಲ್ಲಿ ಕುಳಿತು, ಕಣ್ಣು ಮುಚ್ಚಿ, ಕೈ ಮುಂದೆ ಮಾಡಿದಳು. ಬೆರಳುಗಳು ಅಲ್ಲಾಡಿದವು! ಅವಳ ಮುಖ ಅರಳಿತು. ಭಾವ ಕೈಮುಗಿದು ನಿಂತರು.

ಬೆರಳುಗಳು ಗುಂಡಿಗಳನ್ನು ದಾಟಿ ಕೀಬೋರ್ಡಿನ ಅಡಿಗೆ ಹೋದವು. ಅದನ್ನು ಬೋರಲು ಹಾಕಿದವು. ಒಂದೊಂದೇ ಸ್ಕ್ರೂ ತಿರುಗಿಸಿ ಹೊರಗೆ ತೆಗೆದವು. ಆಮೇಲೆ ಮೌಸು. ಆಮೇಲೆ ನನ್ನ ಜೆರಾಕ್ಸ್ ಯಂತ್ರ!

ಸೀಗೆಕಾಯಿಗೆ ಹಳೆಯ ಜಿಡ್ಡೇ ಮೊದಲು ಬಿಡುವುದಂತೆ. ಭಾವನ ಕೈಯಲ್ಲಿ ಟೈಪಿಂಗ್ ಹೊಸದು, ಅದು ಬಿಡಲಿಲ್ಲ. ಬಿಟ್ಟದ್ದು ಅವರ ಹುಟ್ಟುಗುಣ.

ಈಗ ಅಂಗಡಿಯಲ್ಲಿ ಭಾವ ಟೈಪ್ ಮಾಡುತ್ತಾರೆ. ಅಕ್ಕ ಪಕ್ಕದಲ್ಲಿ ಕುಳಿತು ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚುತ್ತಾಳೆ. ಬಿಚ್ಚುವುದರಲ್ಲಿ ಅವಳ ಸಮ ಯಾರೂ ಇಲ್ಲ. ಬಿಚ್ಚಿದ್ದನ್ನು ಮೊದಲಿನಂತೆ ಜೋಡಿಸುವುದು ಮಾತ್ರ ಅವಳಿಗೆ ಬಂದಿಲ್ಲ. ಬರುವುದಾದರೂ ಎಲ್ಲಿಂದ? ಅದು ಭಾವನ ಕೈಯಲ್ಲಿ ಎಂದೂ ಇರಲೇ ಇಲ್ಲ.