ನಕ್ಷತ್ರಕ್ಕೆಂದು ತಂದ ಬೊಂಬು

ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ಮನುಷ್ಯನಿಗೆ ಒಂದು ನಕ್ಷತ್ರ ಕಟ್ಟುವುದು ಯಾವ ಮಹಾ ಕೆಲಸ? ಆಕಾಶದಲ್ಲಿರುವ ನಕ್ಷತ್ರಗಳನ್ನೇ ಬೋರ್ಡಿನ ಮೇಲೆ ಇಳಿಸಿದವನು ನಾನು. ಬೊಂಬಿನ ನಕ್ಷತ್ರ ನನಗೆ ಯಾವ ಲೆಕ್ಕ!

ನಂಜನಗೂಡಿನ ನಮ್ಮ ಬೀದಿಯಲ್ಲಿ ಎದುರುಮನೆಯವರು ಸ್ಟೆಲ್ಲಾ ಮಿಸ್. ನಮ್ಮ ಶಾಲೆಯಲ್ಲೇ ಇಂಗ್ಲಿಷ್ ಹೇಳಿಕೊಡುತ್ತಿದ್ದವರು. ಪ್ರತಿ ಡಿಸೆಂಬರಿನಲ್ಲಿ ಅವರ ಮನೆ ಮುಂದೆ ದೊಡ್ಡ ನಕ್ಷತ್ರ ಏರುತ್ತಿತ್ತು. ಅದನ್ನು ಕಟ್ಟುತ್ತಿದ್ದ ಅವರ ಯಜಮಾನರು ಎರಡು ವರ್ಷದ ಹಿಂದೆ ತೀರಿಕೊಂಡರು. ಈ ಸಲ ಮಿಸ್ ಬಚ್ಚಲಲ್ಲಿ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರು. ಹಳೆಯ ನಕ್ಷತ್ರವನ್ನು ಇಲಿ ತಿಂದಿತ್ತು. ಚರ್ಚಿನಿಂದ ಕ್ಯಾರಲ್ಸ್ ಹಾಡುವವರು ಶನಿವಾರ ಸಂಜೆ ಆರು ಗಂಟೆಗೆ ಮನೆ ಮುಂದೆ ಬರುವವರಿದ್ದರು. ಮಿಸ್ ಅಂಗಡಿಯಿಂದ ಒಂದು ಪ್ಲಾಸ್ಟಿಕ್ ನಕ್ಷತ್ರ ತರಿಸಬೇಕು ಎಂದಿದ್ದೇ ತಡ, ನಾನು ಅಡ್ಡ ನಿಂತೆ.

“ಪ್ಲಾಸ್ಟಿಕ್ಕಾ ಮಿಸ್? ನಾನಿರುವಾಗಲಾ? ನಕ್ಷತ್ರ, ಗೋದಲಿ, ಗಂಟೆ, ಎಲ್ಲಾ ನಾನೇ ಮಾಡಿಕೊಡ್ತೀನಿ. ಬರೀ ಪ್ರಕೃತಿಯ ವಸ್ತು!”

“ಸಾರ್, ಮದುವೆಯಾಗಿ ಈ ಮನೆಗೆ ಬಂದಾಗಿಂದ ನಕ್ಷತ್ರ ಇಲ್ದೆ ಹಾಡೋರನ್ನ ಕರೆದೇ ಇಲ್ಲ ನಾನು. ನಮ್ಮ ಯಜಮಾನ್ರು ತೀರಿಕೊಂಡ ವರ್ಷಾನೂ ತಪ್ಪಿಸಲಿಲ್ಲ. ಆಗುತ್ತೆ ತಾನೇ?”

“ಆಗುತ್ತಾ ಅಂತ ಕೇಳಬೇಡಿ ಮಿಸ್. ಎಷ್ಟು ದೊಡ್ಡದು ಅಂತ ಕೇಳಿ!”

ಪಕ್ಕದಲ್ಲೇ ಇದ್ದ ನನ್ನ ಹೆಂಡತಿ ರತ್ನ, “ಮನೇಲಿ ಕ್ಯಾಲೆಂಡರಿಗೆ ಒಂದು ಮೊಳೆ ಹೊಡೆಯೋಕೆ ಮೂರು ದಿನ ತಗೊಂಡ್ರಿ” ಎಂದಳು. ವಿಜ್ಞಾನಿಗಳಿಗೆ ಮನೆಯಲ್ಲಿ ಬೆಲೆ ಇರುವುದಿಲ್ಲ.

ನಮ್ಮ ತಂದೆ ಪುರೋಹಿತರು. ಸಾಮಾನಿನ ಪಟ್ಟಿ ಬರೆಯುವುದು ನಮ್ಮ ವಂಶದ ಕಸುಬು. ಶನಿವಾರ ಬೆಳಿಗ್ಗೆ ಕನ್ನಡಕ ಏರಿಸಿ ಬರೆದೆ. ನಕ್ಷತ್ರವನ್ನು ಎತ್ತಿ ನಿಲ್ಲಿಸಲು ಎರಡು ಉದ್ದ ಬೊಂಬು, ನಕ್ಷತ್ರಕ್ಕೆ ಸೀಳಿದ ದಬ್ಬೆ, ಬಿಗಿಯಲು ನಾರಿನ ಹಗ್ಗ. ಏಸು ಹುಟ್ಟಿದ ಕೊಟ್ಟಿಗೆಯನ್ನು ಗೋದಲಿ ಎನ್ನುತ್ತಾರಲ್ಲ, ಅದರ ಚಾವಣಿಗೆ ಹಸಿ ತೆಂಗಿನ ಗರಿ, ಒಳಗೆ ಹಾಸಲು ಹುಲ್ಲು. ಹಿಮದ ಬದಲು ಐದು ಮೊಳ ಬಿಳಿ ಬಟ್ಟೆ. ಬೋರಲು ತೂಗುಹಾಕಿ ಗಂಟೆ ಮಾಡಲು ಒಂದು ಹೊಸ ಮಡಕೆ. ಯಾವುದು ಯಾತಕ್ಕೆ ಎಂಬುದು ನನ್ನ ತಲೆಯಲ್ಲಿತ್ತು, ಪಟ್ಟಿಯಲ್ಲಿ ಬರೀ ಸಾಮಾನಿನ ಹೆಸರು. ಬರೆದು ಮುಗಿಸಿದಾಗ ನನಗೇ ಹೆಮ್ಮೆಯಾಯಿತು. ಒಂದಾದರೂ ಪ್ಲಾಸ್ಟಿಕ್ ಇದೆಯೇ? ಎಲ್ಲವೂ ಮಣ್ಣಿಗೆ ಸೇರುವಂಥದ್ದೇ!

ಬೊಂಬಿನ ಅಂಗಡಿಯ ಮಾದಯ್ಯ ಪಟ್ಟಿಯನ್ನು ಓದಿದ. ಎದ್ದು ಹೋಗಿ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು ಕೈಕಟ್ಟಿ ನಿಂತ.

“ಎಷ್ಟುದ್ದ ಬೇಕು ಸಾ?”

“ಏಳಡಿ ಇರಲಿ.”

“ಇವತ್ತೇಯಾ ಸಾ?”

“ಇವತ್ತೇ. ಕತ್ತಲಾಗೋದ್ರೊಳಗೆ ಎಲ್ಲಾ ಮುಗೀಬೇಕು.”

“ಮುಗೀತದೆ ಬುಡಿ ಸಾ. ನಮ್ ಕೈಲಿ ಏನದೆ?”

ಹುಲ್ಲು, ಗರಿ, ಮಡಕೆ, ಬಟ್ಟೆ ಎಲ್ಲವನ್ನೂ ಅವನೇ ಅಕ್ಕಪಕ್ಕದ ಅಂಗಡಿಗಳಿಂದ ತಂದು ಗೂಡ್ಸ್ ಆಟೋಗೆ ಏರಿಸಿದ. ನಾನು ಚೌಕಾಸಿಗೆ ಬಾಯಿ ತೆರೆಯುವ ಮೊದಲೇ ಬೆಲೆ ಇಳಿಸಿದ. ಮಾದಯ್ಯ! ಕಡ್ಡಿಯನ್ನೂ ಬಿಟ್ಟುಕೊಡದ ಮಾದಯ್ಯ! “ಬರ್ತೀನಪ್ಪಾ” ಎಂದರೆ ಮಾತ್ರ ಮುಖ ತಿರುಗಿಸಿದ. ಹೋಗಿ ಬನ್ನಿ ಎನ್ನಲಿಲ್ಲ. ಸಂಕೋಚದ ಮನುಷ್ಯ ಎಂದುಕೊಂಡೆ.

ಆಟೋದ ಹಿಂದೆ ಹುಲ್ಲಿನ ಮೇಲೆ ಕುಳಿತು ಮನೆಗೆ ಹೊರಟೆ. ಟೀ ಅಂಗಡಿಯ ಮುಂದೆ ಕೂತಿದ್ದವರು ಎದ್ದು ನಿಂತರು. ಒಬ್ಬರು ತಲೆಗೆ ಸುತ್ತಿದ್ದ ಟವೆಲ್ ತೆಗೆದರು. ಮೇಷ್ಟ್ರಿಗೆ ಈಗಿನ ಕಾಲದಲ್ಲಿ ಮರ್ಯಾದೆಯಿಲ್ಲ ಎನ್ನುವವರು ಬಂದು ನೋಡಬೇಕಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ಟಿ. ನರಸೀಪುರದಲ್ಲಿ ಮಗನ ಮನೆಯಲ್ಲಿರುವ ನನ್ನ ಅತ್ತೆ, ಎಂಬತ್ತನಾಲ್ಕರ ಹೆಂಗಸು, ಕೆಮ್ಮಿಗೆ ಔಷಧಿ ಮಾಡಿಸಿಕೊಳ್ಳಲು ಹದಿನೈದು ದಿನದಿಂದ ನಮ್ಮಲ್ಲಿದ್ದರು. ಆ ಕೆಮ್ಮು ಹಗಲೂ ರಾತ್ರಿ ಇಡೀ ಬೀದಿಗೆ ಕೇಳುತ್ತಿತ್ತು. ಆ ಶನಿವಾರ ಬೆಳಿಗ್ಗೆ ಔಷಧಿ ಕೆಲಸ ಮಾಡಿತು. ಕೆಮ್ಮು ನಿಂತಿತು. ಅತ್ತೆ ಗಾಢವಾಗಿ ಮಲಗಿದ್ದರು. ರತ್ನ ಎದುರುಮನೆಯ ಹಿತ್ತಲಲ್ಲಿ ಮಿಸ್‌ಗೆ ಕಜ್ಜಾಯ ಕರಿದುಕೊಡುತ್ತಿದ್ದಳು.

ನಾನು ಅಂಗಳದಲ್ಲಿ ಎರಡು ಬೊಂಬನ್ನೂ ಮಲಗಿಸಿ, ದಬ್ಬೆ ಜೋಡಿಸುತ್ತಾ ಕುಳಿತೆ. ಕೊನೇಮನೆಯ ಸಿದ್ದರಾಜು ಬಂದ. ಮಾತಿಲ್ಲ ಕತೆಯಿಲ್ಲ, ನನ್ನ ಕೈಯಿಂದ ಹಗ್ಗ ತೆಗೆದುಕೊಂಡ.

“ನೀವು ಕೂತ್ಕಳಿ ಸಾ. ಇದು ಮನೆಯೋರು ಮಾಡಾ ಕೆಲ್ಸ ಅಲ್ಲ.”

ಅವನ ಹಿಂದೆ ಇನ್ನೂ ನಾಲ್ಕು ಜನ ಬಂದರು. ಎರಡು ಬೊಂಬಿಗೂ ಅಡ್ಡಡ್ಡಲಾಗಿ ದಬ್ಬೆಗಳನ್ನು ಬಿಗಿಯತೊಡಗಿದರು. ಏನು ಕೈಚಳಕ! ಆದರೆ ವಿನ್ಯಾಸ ತಪ್ಪು.

“ಹಾಗಲ್ಲ ಸಿದ್ದರಾಜು. ಏಣಿ ಥರ ಬೇಡ. ಐದು ಮೂಲೆ ಬರಬೇಕು.”

ಅವರು ಮುಖಮುಖ ನೋಡಿಕೊಂಡರು. “ನಿಮ್ ಜನದಲ್ಲಿ ಐದು ಮೂಲೆಯಾ ಸಾ?”

“ನಮ್ಮ ಜನ ಅಂತಲ್ಲಪ್ಪಾ. ಪ್ರಪಂಚದಲ್ಲೆಲ್ಲಾ ಐದೇ!”

ಸಿದ್ದರಾಜು ಮಿಕ್ಕವರ ಕಿವಿಯಲ್ಲಿ ಏನೋ ಹೇಳಿದ. ಎಲ್ಲರೂ ನನ್ನನ್ನು ಮರುಕದಿಂದ ನೋಡಿದರು. ಅಷ್ಟು ಹೊತ್ತಿಗೆ ಗೇಟಿನ ಹತ್ತಿರ ಇಪ್ಪತ್ತು ಜನ ಸೇರಿದ್ದರು. ಕೆಲವರ ಕೈಯಲ್ಲಿ ಸೇವಂತಿಗೆ ಹಾರ. ಕ್ರಿಸ್‌ಮಸ್ಸಿಗೆ ಬೀದಿಯವರೆಲ್ಲ ಹೀಗೆ ಕೈಜೋಡಿಸಿದ್ದನ್ನು ಕಂಡು ನನಗೆ ಆನಂದಬಾಷ್ಪ ಬಂತು. ಕಣ್ಣೊರೆಸಿಕೊಂಡೆ. ಅದನ್ನು ನೋಡಿ ಅವರೂ ಒರೆಸಿಕೊಂಡರು!

ನಾಲ್ಕೂವರೆಗೆ ಒಂದು ವ್ಯಾನು ಬಂದು ನಿಂತಿತು. ಅದರಿಂದ ನನ್ನ ಬಾಮೈದ ನಾಗರಾಜ ಹಾರಿದ. ಹಿಂದೆ ಟಿ. ನರಸೀಪುರದ ನೆಂಟರೆಲ್ಲ ಇಳಿದರು.

“ಅಮ್ಮಾ! ನಿನ್ನೆ ಫೋನಲ್ಲಿ ಚೆನ್ನಾಗಿ ಮಾತಾಡಿದ್ಯಲ್ಲಮ್ಮಾ!” ಎಂದು ಗೋಳಿಟ್ಟವನು ನನ್ನ ಭುಜ ಹಿಡಿದು ಅಲ್ಲಾಡಿಸಿದ. “ಭಾವಾ, ನೀವೇ ಒಂದು ಫೋನ್ ಮಾಡಬಾರದಿತ್ತಾ? ಬೇರೆಯವರಿಂದ ಗೊತ್ತಾಗಬೇಕಾ?”

“ನಕ್ಷತ್ರ ಕಟ್ಟೋಕೆ ನಿನಗ್ಯಾಕೋ ಫೋನು?”

ಆಗ ಬಾಗಿಲು ತೆರೆಯಿತು. ಕೈಯಲ್ಲಿ ಕಾಫಿ ಲೋಟ ಹಿಡಿದು ಅತ್ತೆ ನಿಂತಿದ್ದರು.

“ಯಾರೋ ಅದು ಕಿರುಚ್ತಿರೋದು? ಹದಿನೈದು ದಿನ ಆದ್ಮೇಲೆ ಇವತ್ತು ಕಣ್ಣಿಗೆ ನಿದ್ದೆ ಹತ್ತಿತ್ತು!”

ಸಿದ್ದರಾಜುವಿನ ಕೈಯಿಂದ ಹಗ್ಗ ಬಿತ್ತು. ಒಬ್ಬ ಕಾಂಪೌಂಡ್ ಹಾರಿದ. ರತ್ನ ಕಜ್ಜಾಯದ ಜಾಲರಿ ಹಿಡಿದುಕೊಂಡೇ ಓಡಿ ಬಂದಳು.

“ರೀ! ಏನೇನು ತಂದು ಹರಡಿಕೊಂಡಿದ್ದೀರ, ಒಂದ್ಸಲ ಕಣ್ಣು ಬಿಟ್ಟು ನೋಡಿ!”

ನೋಡಿದೆ. ಎರಡು ಬೊಂಬು. ಹುಲ್ಲು. ಹಸಿ ಗರಿ. ಬಿಳಿ ಬಟ್ಟೆ. ಹೊಸ ಮಡಕೆ. ಪುರೋಹಿತರ ಮಗನಾದ ನಾನು, ಚಟ್ಟಕ್ಕೆ ಬೇಕಾದ ಸಕಲ ಸಾಮಗ್ರಿಗಳ ಪಟ್ಟಿಯನ್ನು ಸ್ವಹಸ್ತದಿಂದ, ದುಂಡು ಅಕ್ಷರದಲ್ಲಿ, ಒಂದೂ ಬಿಡದಂತೆ ಬರೆದಿದ್ದೆ!

ವಿಷಯ ತಿಳಿಸಿದೆ. ಯಾರೂ ನಗಲಿಲ್ಲ. ಸಿದ್ದರಾಜು ಬೊಂಬಿನಿಂದ ಎರಡು ಹೆಜ್ಜೆ ಹಿಂದೆ ಸರಿದು, “ಇದ್ನ ತಕ್ಕೋಗಿ ಆ ಮಿಸ್ ಮನೆ ಮುಂದೆ ಕಟ್ಟಾದಾ ಸಾ? ಬಾಳೋ ಮನೆ ಮುಂದೆ?” ಎಂದ. ಬಂದವರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕತೊಡಗಿದರು. ಗಂಟೆ ಐದಾಗಿತ್ತು. ಎದುರುಮನೆ ಕಿಟಕಿಯಲ್ಲಿ ಮಿಸ್ ಎಲ್ಲವನ್ನೂ ನೋಡುತ್ತಿದ್ದರು.

“ಪರವಾಗಿಲ್ಲ ಬಿಡಿ ಸಾರ್,” ಎಂದರು. “ಈ ವರ್ಷ ಬರೋದು ಬೇಡ ಅಂತ ಹಾಡೋರಿಗೆ ಫೋನ್ ಮಾಡ್ತೀನಿ.”

ಅವರು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಪ್ಲಾಸ್ಟಿಕ್ಕಿನದಾದರೂ ಒಂದು ನಕ್ಷತ್ರ ಸಿಗುತ್ತಿತ್ತು, ಅದನ್ನೂ ತಪ್ಪಿಸಿದವನು ನಾನು. ನನಗೆ ನಿಜಕ್ಕೂ ಅಳು ಬಂತು.

“ಸ್ಟೆಲ್ಲಾ, ಫೋನ್ ಕೆಳಗಿಡು!” ಅತ್ತೆಯ ಗಂಟಲು ಸಂಪೂರ್ಣ ವಾಸಿಯಾಗಿತ್ತು. “ಇಲ್ಲಿ ಸತ್ತೋರು ಯಾರು? ನಾನು ಕಾಫಿ ಕುಡೀತಾ ನಿಂತಿದೀನಿ. ಅಂದ್ಮೇಲೆ ಇದು ಬರೀ ಬೊಂಬು. ಅದು ಬರೀ ಹೂವು. ನೀವೆಲ್ಲಾ ನನಗೋಸ್ಕರ ತಾನೇ ಕೆಲಸ ಬಿಟ್ಟು ಬಂದಿದ್ದು? ಹಾಗಾದ್ರೆ ನನಗೋಸ್ಕರ ಕಟ್ಟಿ!”

ಎದುರು ಮಾತಾಡುವ ಧೈರ್ಯ ಯಾರಿಗಿತ್ತು? ಸಿದ್ದರಾಜು ಹಗ್ಗ ಎತ್ತಿಕೊಂಡ. ಅಳಲು ಬಂದಿದ್ದ ನೆಂಟರು ಗರಿ ಹೆಣೆದರು. ನಾಗರಾಜ ಗೋದಲಿಗೆ ಹುಲ್ಲು ಹಾಸಿದ. ಹಾರಗಳು ನಕ್ಷತ್ರದ ಅಂಚಿಗೆ ಸುತ್ತಿಕೊಂಡವು. ನನಗೆ ಒಂದು ಕುರ್ಚಿ ಕೊಟ್ಟು, ಅದರಿಂದ ಏಳಬಾರದು ಎಂದು ತಾಕೀತು ಮಾಡಿದರು.

ಆರು ಗಂಟೆಗೆ ಹಾಡುವವರು ಬಂದಾಗ ಮಿಸ್ ಮನೆ ಮುಂದೆ, ಒಳಗೆ ಬಲ್ಬು ಹೊತ್ತಿಸಿದ ನಕ್ಷತ್ರ ಬೆಳಗುತ್ತಿತ್ತು. ಮಿಸ್ ಬಾಗಿಲಲ್ಲಿ ಕುಳಿತು ಅದನ್ನೇ ನೋಡಿದರು. “ಅವರು ಕಟ್ಟುತ್ತಿದ್ದದ್ದಕ್ಕಿಂತ ದೊಡ್ಡದು ಸಾರ್” ಎಂದು ಕಣ್ಣೊರೆಸಿಕೊಂಡರು. ಎಲ್ಲರ ಮನಸ್ಸೂ ತುಂಬಿತ್ತು. ಇದರಲ್ಲಿ ನನ್ನದೂ ಒಂದು ಅಳಿಲುಸೇವೆ ಇರಲಿ ಎಂದು ಮೆಲ್ಲಗೆ ಎದ್ದು, ಮೇಲೆ ಬೋರಲು ತೂಗುಹಾಕಿದ್ದ ಮಡಕೆಯ ಗಂಟೆಯ ಹಗ್ಗ ಎಳೆದೆ.

ಮಡಕೆ ಸೀದಾ ಬಂದು, ಕೆಳಗೆ ನಿಂತು ಹಾಡು ಕೇಳುತ್ತಿದ್ದ ಅತ್ತೆಯ ಕಾಲ ಬುಡದಲ್ಲಿ ಬಿದ್ದು ಒಡೆಯಿತು.

ಹಾಡು ನಿಂತಿತು. ಆ ಪಟ್ಟಿಯ ಪ್ರಕಾರ ಬಾಕಿ ಉಳಿದಿದ್ದ ಒಂದೇ ಒಂದು ಕಾರ್ಯ ಅದು. ಅದನ್ನೂ ನಾನೇ ನೆರವೇರಿಸಿದ್ದೆ!

ಅತ್ತೆ ಚೂರುಗಳನ್ನು ನೋಡಿದರು. ನನ್ನನ್ನು ನೋಡಿದರು.

“ಅಳಿಯಂದಿರೇ, ಮುಂದಿನ ಸಲ ಸಾಮಾನು ತರೋಕೆ ಮುಂಚೆ ನನಗೊಂದು ಮಾತು ಹೇಳಿ. ನಾನೂ ತಯಾರಾಗಿರಬೇಕಲ್ಲಾ!”

ಮೊದಲು ನಕ್ಕವರು ಸ್ಟೆಲ್ಲಾ ಮಿಸ್. ಪ್ಲಾಸ್ಟರ್ ಕಾಲು ಹಿಡಿದುಕೊಂಡು ನಕ್ಕರು. ಆಮೇಲೆ ಹಾಡುವವರಿಗೆ ಶ್ರುತಿ ಸೇರಲು ಬಹಳ ಹೊತ್ತು ಹಿಡಿಯಿತು.

ಈಗ ನಮ್ಮ ಮನೆಯಲ್ಲಿ ಕೊತ್ತಂಬರಿ ಸೊಪ್ಪಿನ ಪಟ್ಟಿಯನ್ನೂ ರತ್ನನೇ ಬರೆಯುತ್ತಾಳೆ. ಅತ್ತೆ ಇನ್ನೂ ಟಿ. ನರಸೀಪುರಕ್ಕೆ ಹೋಗಿಲ್ಲ. ನಾನು ಚೀಲ ಹಿಡಿದು ಗೇಟು ದಾಟಿದರೆ ಸಾಕು, ಜಗಲಿಗೆ ಬಂದು ನಿಂತು, ಇಡೀ ಬೀದಿಗೆ ಕೇಳುವಂತೆ ಎರಡು ಸಲ ಕೆಮ್ಮುತ್ತಾರೆ.