ನಾರ್ವೆಯವನೂ ನಾನೂ ಒಂದು ಹುಣಸೇಮರವೂ

ಹೆಂಡತಿಗೆ ನನ್ನ ಕಲೆಯ ಬೆಲೆ ಗೊತ್ತಾಗಲಿ ಎಂಬ ಒಂದೇ ಘನ ಉದ್ದೇಶದಿಂದ ಅವಳನ್ನು ಹಾಸನದ ಮ್ಯೂಸಿಯಂಗೆ ಕರೆದುಕೊಂಡು ಹೋದೆ. ಅಲ್ಲಿ ಹತ್ತೊಂಬತ್ತನೇ ಶತಮಾನದ ನಾರ್ವೆ ದೇಶದ ಚಿತ್ರಕಾರನೊಬ್ಬನ ಪ್ರದರ್ಶನ ನಡೆದಿತ್ತು. ಅಸಲಿ ಚಿತ್ರಗಳಲ್ಲ, ಅಚ್ಚು ಹಾಕಿಸಿದ ಪ್ರತಿಗಳು. ಆದರೂ ಬೆಟ್ಟ, ಮೋಡ, ನೀರು ಬರೆಯುವುದು ಎಷ್ಟು ಕಷ್ಟ ಎಂದು ಅರ್ಥವಾದರೆ, ನಮ್ಮ ನಡುಮನೆಯಲ್ಲಿ ನಾನು ಬರೆದು ತೂಗುಹಾಕಿರುವ ಹೇಮಾವತಿ ಹೊಳೆಯನ್ನು ಅವಳು ಒಮ್ಮೆಯಾದರೂ ತಲೆಯೆತ್ತಿ ನೋಡುತ್ತಾಳೆಂದು ನನ್ನ ಲೆಕ್ಕಾಚಾರ. ನಾನು ಡ್ರಾಯಿಂಗ್ ಮೇಷ್ಟ್ರಾಗಿ ರಿಟೈರಾದವನು ಸ್ವಾಮಿ, ಸುಮ್ಮನೆ ಅಲ್ಲ!

ಸುಶೀಲ ಒಂದು ಜಲಪಾತದ ಮುಂದೆ ನಿಂತಳು. ನಿಂತೇ ಇದ್ದಳು.

"ರೀ, ನೀರು ಮೈಮೇಲೆ ಎರಚಿದಂಗೇ ಆಯ್ತಲ್ರೀ!" ಎಂದು ಸೆರಗಿನಿಂದ ಕೆನ್ನೆ ಒರೆಸಿಕೊಂಡಳು. ಆಮೇಲೆ, "ಎಷ್ಟು ಜನರ ಕಣ್ಣು ಬಿದ್ದಿದೆಯೋ ಪಾಪ," ಎನ್ನುತ್ತಾ ಆ ಚಿತ್ರಕ್ಕೆ ದೃಷ್ಟಿ ನಿವಾಳಿಸಿ ನೆಟಿಕೆ ಮುರಿದಳು. ಹತ್ತೂ ಬೆರಳು ಲಟಲಟ ಎಂದವು!

ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಮದುವೆಯಾಗಿ ಇಷ್ಟು ವರ್ಷವಾಯಿತು, ನನ್ನ ಹೊಳೆಗೆ ಕಿರುಬೆರಳಿನ ನೆಟಿಕೆಯೂ ಸಿಕ್ಕಿಲ್ಲ. ಎಂದೋ ಸತ್ತುಹೋದ, ರಾಗಿಮುದ್ದೆಯ ಮುಖ ಕೂಡ ನೋಡದ ಆ ಪುಣ್ಯಾತ್ಮನ ಮೇಲೆ ಬಂದ ಹೊಟ್ಟೆಕಿಚ್ಚು ಹೇಳತೀರದು. ಅವನಿಗಿಂತ ಚೆನ್ನಾಗಿ ಬರೆದು, ಇವಳ ಬಾಯಲ್ಲೇ ಭೇಷ್ ಅನ್ನಿಸಿಕೊಳ್ಳಬೇಕೆಂದು ತೀರ್ಮಾನಿಸಿದೆ.

ಮರುದಿನವೇ ಮೂರು ಕಾಲಿನ ಸ್ಟ್ಯಾಂಡನ್ನು ಸ್ಕೂಟರಿಗೆ ಕಟ್ಟಿಕೊಂಡು ಶಾಂತಿಗ್ರಾಮದ ಆಚೆ ಒಂದು ಹೊಲದ ಬದಿಗೆ ಹೋದೆ. ಮುಸುಕಿನ ಜೋಳ, ದೂರದಲ್ಲಿ ಗುಡ್ಡ, ಬೇಲಿಯ ಎಡಕ್ಕೆ ಒಂದು ಹುಣಸೇಮರ. ಸ್ಟ್ಯಾಂಡು ನಿಲ್ಲಿಸಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಮುಂದೆ ಹಿಡಿದು ಅಳತೆ ನೋಡಿದೆ. ಮರ ಬೇಲಿಯ ಬಲಕ್ಕಿದ್ದರೆ ಚಿತ್ರಕ್ಕೆ ಕಳೆ ಬರುತ್ತದೆ ಅನ್ನಿಸಿತು. ಬಲಕ್ಕೇ ಬರೆದೆ. ಕಲಾವಿದನಿಗೆ ಅಷ್ಟೂ ಸ್ವಾತಂತ್ರ್ಯ ಬೇಡವೇ?

ಬಣ್ಣ ಒಣಗುವ ಮೊದಲೇ ಎಡಗಡೆ ಹೊಲದ ಚಲುವಣ್ಣ ಓಡಿ ಬಂದ.

"ಸಾ, ಸರ್ವೇಗೆ ಬಂದಿದ್ದೀರಾ? ಒಂದ್ ಮಾತ್ ಏಳ್ಬಾರ್ದಾ? ರೋಡ್ ಅಗ್ಲ ಮಾಡ್ತಾರಾ?"

"ಇಲ್ಲಪ್ಪ, ಸುಮ್ಮನೆ ಚಿತ್ರ ಬರೀತಿದ್ದೀನಿ."

"ಎಲ್ರೂ ಮೊದ್ಲು ಅಂಗೇ ಅನ್ನೋದು ಸಾ," ಎನ್ನುತ್ತಾ ಚಿತ್ರದ ಮೇಲೆ ಕಣ್ಣು ಹಾಯಿಸಿದವನು ಬಿಳಿಚಿಕೊಂಡ. "ಅಯ್ಯಯ್ಯೋ! ನಮ್ಮಪ್ಪ ನೆಟ್ಟ ಮರನ ನಿಂಗಣ್ಣನ ಒಲಕ್ಕೆ ಆಕ್ಬುಟ್ಟವ್ರಲ್ಲಪ್ಪೋ!"

ಬೇಲಿಯಾಚೆ ಕಳೆ ಕೀಳುತ್ತಿದ್ದ ದಾಯಾದಿ ನಿಂಗಣ್ಣ ಒಂದೇ ನೆಗೆತಕ್ಕೆ ಬಂದು, ಚಿತ್ರ ನೋಡಿ, ನನಗೆ ಕೈ ಮುಗಿದ.

"ಸತ್ಯ ಬರ್ದಿದ್ದೀರ ಸಾ! ನಾನೂ ಇದ್ನೇ ಬಡ್ಕೊತಾ ಇವ್ನಿ. ನೋಡ್ಲಾ ಚಲುವ, ಗವರ್ಮೆಂಟೇ ಏಳ್ತೈತೆ!"

"ಯಾವನ್ಲಾ ಗವರ್ಮೆಂಟು? ಏನ್ಲಾ ತಿನ್ಸಿದೆ ಇವ್ನಿಗೆ?"

ಅರ್ಧ ಊರು ನೆರೆಯಿತು. ಇಬ್ಬರಿಗೂ ಸಮಾಧಾನವಾಗಲೆಂದು ನಾನು ಬೇಲಿಯ ಎಡಕ್ಕೂ ಒಂದು ಮರ ಬರೆದೆ. ಅದೇ ಮಹಾಪ್ರಮಾದ! ಅಲ್ಲಿಯವರೆಗೆ ಕತ್ತಿನಪಟ್ಟಿ ಹಿಡಿದುಕೊಂಡಿದ್ದ ದಾಯಾದಿಗಳು ಒಂದಾಗಿ ನನ್ನತ್ತ ತಿರುಗಿದರು.

"ಇರೋದ್ ಒಂದ್ ಮರ, ಎಲ್ಡ್ ಬರೀತಾವ್ನೆ! ಇವ್ನ್ಯಾವನೋ ಕಳ್ಳ ಕಣ್ಲಾ!"

ಚಿತ್ರವನ್ನು ಸಾಕ್ಷಿಗೆಂದು ಕಿತ್ತುಕೊಂಡರು. ಸ್ಕೂಟರ್ ಬಿಟ್ಟಿದ್ದೇ ನನ್ನ ಪುಣ್ಯ.

ಬರಿಗೈಯಲ್ಲಿ ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದೆ. ಸುಶೀಲ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಗಬೇಡ ಕಣೇ," ಎಂದೆ ಎದೆಯುಬ್ಬಿಸಿ. "ನನ್ನ ಚಿತ್ರಕ್ಕೆ ಊರಿಗೆ ಊರೇ ಹೊಡೆದಾಡಿತು. ನಿನ್ನ ನಾರ್ವೆಯವನ ಚಿತ್ರಕ್ಕೆ ಯಾರಾದರೂ ಹೊಡೆದಾಡಿದ್ದಾರಾ?"

"ಅವರು ಮರ ಇದ್ದ ಕಡೆನೇ ಬರ್ದಿರ್ತಾರೆ ಕಣ್ರೀ!"

ಅವರಂತೆ, ಅವರು! ಮರ್ಯಾದೆ ಬೇರೆ ಅವನಿಗೆ!

ಕಣ್ಣೊರೆಸಿಕೊಂಡು ಮುಂದುವರಿಸಿದಳು. "ನಾಳೆ ಕೊನೇ ದಿನವಂತೆ. ಚನ್ನರಾಯಪಟ್ಟಣದಿಂದ ಅಕ್ಕನೂ ಬರ್ತಾಳೆ. ನಮ್ಮಿಬ್ಬರನ್ನೂ ಮ್ಯೂಸಿಯಂ ಹತ್ರ ಬಿಟ್ಬಿಡ್ರೀ."

ಬಿಟ್ಟೆ. ಬ್ಯಾಗು ಒಳಗೆ ಒಯ್ಯುವಂತಿಲ್ಲವಂತೆ, ನಾರ್ವೆಯವನಿಗೆ ಅಷ್ಟು ಬಂದೋಬಸ್ತು. ಈಗ ಗೇಟಿನ ಹೊರಗೆ ಅಕ್ಕತಂಗಿಯರ ಬ್ಯಾಗುಗಳನ್ನು ಕೊರಳಿಗೆ ನೇತುಹಾಕಿಕೊಂಡು ಸ್ಕೂಟರ್ ಮೇಲೆ ಕೂತಿದ್ದೇನೆ. ಅಂತೂ ಕಲಾಪ್ರಪಂಚದಲ್ಲಿ ನನಗೂ ಒಂದು ಜಾಗ ಸಿಕ್ಕಿತು!